ಸಿಂಧನೂರಿನಿಂದ ಲಿಂಗಸುಗೂರಿಗೆ, ಅಬ್ಬಾರ ಸೈಕಲ್ಲಿನೊಂದಿಗೆ

ನಿಮ್ಮ ತವರು ಮನೆಯ ಹಿತ್ತಲಲ್ಲಿ ಹಳೆಯ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿದೆಯೇ? ಇದ್ದರೆ ಒಮ್ಮೆ ಅದರ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ತಿರುಗಿದರೆ ನಿಮ್ಮ ಅದೃಷ್ಟ. ತಿರುಗದಿದ್ದರೆ, ಕಳೆದ ಬೇಸಿಗೆ ರಜೆಯಲ್ಲಿ ನಾವು ಪಟ್ಟ ಪಾಡನ್ನು ಸ್ವಲ್ಪ ಕೇಳಿ.

ನನ್ನ ತವರು ಸಿಂಧನೂರು. ಮದುವೆಯಾಗಿ ಕರಾವಳಿಗೆ ಬಂದ ಮೇಲೆ "ಸಿಂಧನೂರು ಎಲ್ಲಿ?" ಎಂದು ಕೇಳದವರಿಲ್ಲ. "ನೀವು ಪೇಟೆಯಿಂದ ತರುವ ಸೋನಾ ಮಸೂರಿ ಅಕ್ಕಿ ಬೆಳೆಯುವ ಊರು" ಎನ್ನುತ್ತೇನೆ. ಕುಚ್ಚಲಕ್ಕಿ ಉಣ್ಣುವ ಮನೆಗಳಲ್ಲಿ ಈ ಉತ್ತರವೂ ನಡೆಯುವುದಿಲ್ಲ. ಆಗ ರಾಯಚೂರು ಜಿಲ್ಲೆ ಎಂದು ಹೇಳಿ ಮುಗಿಸುತ್ತೇನೆ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ನಡುವೆ ನಮ್ಮ ನಾಡು. ಹಿಂದಿನವರು ಇದನ್ನು ಎಡೆದೊರೆ ಎಂದು ಕರೆಯುತ್ತಿದ್ದರಂತೆ. ಎರಡು ನದಿಗಳಿದ್ದರೂ ನೀರಿಗಾಗಿ ಬಾಯಿ ಬಿಡುತ್ತಿದ್ದ ಸೀಮೆ ಇದು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ, ಎಡದಂಡೆ ಕಾಲುವೆಯಲ್ಲಿ ನೀರು ಬಂದ ಮೇಲೆ ಸಿಂಧನೂರಿನ ಕಪ್ಪು ಮಣ್ಣಿನಲ್ಲಿ ಭತ್ತ ಎದ್ದು ನಿಂತಿತು. ನೀರಿನ ಹಿಂದೆ ಜನರೂ ಬಂದರು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಕ್ಯಾಂಪುಗಳು ಊರಿನ ಸುತ್ತ ಹುಟ್ಟಿಕೊಂಡವು. ನನ್ನ ಅಣ್ಣನ ಮನೆಯೂ ಈಗ ಊರಿನಿಂದ ನಾಲ್ಕು ಕಿಲೋಮೀಟರ್ ದೂರದ ಒಂದು ಕ್ಯಾಂಪಿನ ಹತ್ತಿರವೇ ಇದೆ. ಅಮ್ಮಿ ಅಲ್ಲಿಯೇ ಇರುವುದು. ಸೈಕಲ್ ಇದ್ದದ್ದೂ ಅಲ್ಲಿಯೇ.

ಅದು ಅಟ್ಲಾಸ್ ಸೈಕಲ್. ಇಪ್ಪತ್ತೆರಡು ಇಂಚಿನ ಫ್ರೇಮು, ಮುಂದೆ ಭೂಮಿಯ ಗೋಲವನ್ನು ಹೊತ್ತ ಮನುಷ್ಯನ ಬಿಲ್ಲೆ. ಅಬ್ಬಾ ಅದರ ಕ್ಯಾರಿಯರಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಮಸ್ಕಿಯವರೆಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಕಿಲೋಮೀಟರನ್ನು ತುಳಿದುಕೊಂಡೇ ಹೋಗುವುದು. ಲಿಂಗಸುಗೂರಿಗಾದರೆ ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸುವುದು. ಅಬ್ಬಾ ಆರಡಿ ಎತ್ತರದವರು. ಹಾಗಾಗಿ ಸೀಟು ಮೇಲೆ, ತುಂಬಾ ಮೇಲೆ. ಚಿಕ್ಕವಳಿದ್ದಾಗ ನಾನು ಆ ಸೀಟಿನ ಆಸೆ ಬಿಟ್ಟು, ಅಡ್ಡ ಪೈಪಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದೇ ಸೈಕಲ್ ಕಲಿತೆ. ಹನ್ನೆರಡು ತುಂಬಿದ ಮೇಲೆ ಅದೂ ನಿಂತಿತು. ಯಾಕೆ ನಿಂತಿತು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

2003ರಲ್ಲಿ ಅಬ್ಬಾ ತೀರಿಕೊಂಡರು. ಅಂದಿನಿಂದ ಸೈಕಲ್ ನೀರಿನ ತೊಟ್ಟಿಯ ಪಕ್ಕ ನಿಂತಿತ್ತು. ಗುಜರಿಯವನು ಎಷ್ಟೋ ಬಾರಿ ಕೇಳಿದ. ಅಮ್ಮಿ ಕೊಡಲಿಲ್ಲ. ಸವಾರಿಗೆ ಯಾರಿಗೂ ಕೊಡಲಿಲ್ಲ ಕೂಡಾ.

ಈಗ ಅಣ್ಣನ ಮಗಳು ಒಂಬತ್ತನೇ ತರಗತಿ. ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಕಡೆಯ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಗಿತ್ತು. ಕೊರೋನಾ ಕಾಲದಲ್ಲಿ ಆ ಯೋಜನೆ ನಿಂತಿತು. ಇವಳ ಸರದಿ ಬರುವ ಹೊತ್ತಿಗೆ ಸೈಕಲ್ ಇರಲಿಲ್ಲ. 2023ರಿಂದ ಹೆಂಗಸರಿಗೆ ಬಸ್ಸು ಉಚಿತವೇನೋ ಹೌದು, ಆದರೆ ಶಾಲೆಯ ಹೊತ್ತಿಗೆ ಬರುವ ಬಸ್ಸು ಹಿಂದಿನ ಊರುಗಳಲ್ಲೇ ತುಂಬಿ ಬರುತ್ತದೆ. "ಫುಪ್ಪು, ದಾದಾರ ಸೈಕಲ್ ರಿಪೇರಿ ಮಾಡಿಸೋಣವೇ?" ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಳು. ನೇರವಾಗಿ ದಾದಿಮಾನನ್ನು ಕೇಳುವ ಧೈರ್ಯ ಇರಲಿಲ್ಲ.

ಅಮ್ಮಿ ಒಪ್ಪಿದರು. ಒಪ್ಪಿದ್ದು ನನಗೇ ಆಶ್ಚರ್ಯ.

ಟಯರು, ಟ್ಯೂಬು, ಬ್ರೇಕಿನ ರಬ್ಬರು, ಚೈನು ಇವೆಲ್ಲ ಪೇಟೆಯಲ್ಲಿ ಸಿಗುತ್ತವೆ. ಅಟ್ಲಾಸಿನ ದೊಡ್ಡ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತೆಂದು ಪತ್ರಿಕೆಯಲ್ಲಿ ಓದಿದ್ದ ನಾನು ಸಾಮಾನು ಸಿಗಲಾರದೇನೋ ಎಂದು ಹೆದರಿದ್ದೆ. ಹಾಗೇನಿಲ್ಲ, ಹಳೆಯ ಸೈಕಲ್ಲುಗಳ ಸಾಮಾನು ಹೆಚ್ಚುಕಡಿಮೆ ಒಂದೇ ಅಳತೆಯವು. ತೊಂದರೆ ಬಂದದ್ದು ಸೀಟಿನಲ್ಲಿ. ಹುಡುಗಿಗೆ ಸೀಟು ನಾಲ್ಕು ಬೆರಳು ಕೆಳಗೆ ಇಳಿಯಬೇಕು. ಇಳಿಯಲೊಲ್ಲದು. ಬೋಲ್ಟು ಸಡಿಲಿಸಿದರೂ ಸೀಟಿನ ಪೈಪು ಫ್ರೇಮಿನೊಳಗೆ ಬೆಸುಗೆ ಹಾಕಿದಂತೆ ಕೂತಿತ್ತು.

ಊರಿನ ಅಂಗಡಿಯ ಹುಡುಗ ಸುತ್ತಿಗೆಯಿಂದ ಎರಡೇಟು ಹೊಡೆದು, "ಇದು ಬರಂಗಿಲ್ರೀ. ಮ್ಯಾಲಿಂದು ಕೊಯ್ದು ಬ್ಯಾರೆ ಪೈಪು ವೆಲ್ಡ್ ಮಾಡಿಬಿಡ್ತೀನಿ" ಎಂದ. ಗರಗಸ ಕೈಗೆ ತೆಗೆದುಕೊಂಡೂ ಆಗಿತ್ತು. ಅಮ್ಮಿ ಸೈಕಲ್ಲಿನ ಹ್ಯಾಂಡಲ್ ಹಿಡಿದು, "ಬ್ಯಾಡಪ್ಪಾ, ಹಂಗೇ ಇರಲಿ" ಎಂದು ಹೊರಗೆ ತಂದುಬಿಟ್ಟರು. ದಾರಿಯುದ್ದಕ್ಕೂ ಹುಡುಗಿ ಮಾತಾಡಲಿಲ್ಲ. ಅಮ್ಮಿಯ ಮುಖದಲ್ಲಿ ಮಾತ್ರ ಏನೋ ಸಮಾಧಾನ ಇದ್ದಂತೆ ನನಗೆ ಕಂಡಿತು. ಅದು ತಪ್ಪೋ ಸರಿಯೋ, ಕಂಡದ್ದನ್ನು ಹೇಳಿದ್ದೇನೆ.

ಮರುವಾರ ಲಿಂಗಸುಗೂರಿನಲ್ಲಿ ಖಾಲಾನ ಮನೆಗೆ ಹೋಗುವುದಿತ್ತು. ಅಣ್ಣ ಅಕ್ಕಿ ಹೇರಿಕೊಂಡು ಟಾಟಾ ಏಸ್‌ನಲ್ಲಿ ಅತ್ತಲೇ ಹೊರಟಿದ್ದ. "ಚಕ್ರ ಬಿಚ್ಚಿ ಫ್ರೇಮು ಹಾಕಿಕೋ, ದಾರಿಯಲ್ಲಿ ಯಾರಿಗಾದರೂ ತೋರಿಸೋಣ" ಎಂದೆ. ಅಮ್ಮಿ, ನಾನು, ಹುಡುಗಿ ಬಸ್ಸಿನಲ್ಲಿ. ಜೇವರ್ಗಿ ಕಡೆಯಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ ಸಿರುಗುಪ್ಪ, ಬಳ್ಳಾರಿ ಕಡೆಗೆ ಹೋಗುವ 150ಎ ಹೆದ್ದಾರಿ ಅದು. ಅಬ್ಬಾರ ಕಾಲದಲ್ಲಿ ಅದಕ್ಕೆ ನಂಬರಿನ ಗತ್ತು ಇರಲಿಲ್ಲ, ಬೇವಿನ ಮರಗಳ ನೆರಳಿತ್ತು ಎಂದು ಅಮ್ಮಿ ಹೇಳುತ್ತಾರೆ. ಸಿಂಧನೂರು ಬಿಟ್ಟು ಸ್ವಲ್ಪ ದೂರ ಹೋದರೆ ಸಾಕು, ಹಸಿರು ಕಡಿಮೆಯಾಗುತ್ತದೆ. ಭತ್ತದ ಗದ್ದೆ ಹೋಗಿ ಜೋಳ, ತೊಗರಿಯ ಒಣ ಹೊಲಗಳು, ಅವುಗಳ ಆಚೆ ಗುಂಡುಗಲ್ಲುಗಳ ಗುಡ್ಡ. ಕಾಲುವೆ ಎಲ್ಲಿಯವರೆಗೆ ಬಂದಿದೆ ಎಂದು ಬಸ್ಸಿನ ಕಿಟಕಿಯಿಂದಲೇ ತಿಳಿಯುತ್ತದೆ.

ಮಸ್ಕಿಯಲ್ಲಿ ಒಬ್ಬ ಹಳೆಯ ಸೈಕಲ್ ಮೇಸ್ತ್ರಿ ಸಿಕ್ಕಿದರು. ವಯಸ್ಸು ಎಪ್ಪತ್ತರ ಮೇಲೆ. ಫ್ರೇಮನ್ನು ಬೆರಳಿನಿಂದ ಬಡಿದು ನೋಡಿ, ಅಮ್ಮಿಯ ಕಡೆ ತಿರುಗಿ, "ಗಡಬಡ ಮಾಡಬ್ಯಾಡವ್ವ. ಇಪ್ಪತ್ತು ವರ್ಷ ಕುಂತದ್ದು ಒಂದು ತಾಸಿನ್ಯಾಗ ಏಳ್ತದೇನು?" ಎಂದರು. ನನಗೆ ಆ ಕ್ಷಣವೇ ಅವರ ಮೇಲೆ ವಿಶ್ವಾಸ ಬಂತು.

ಪೈಪು ಯಾಕೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಅವರಿಂದಲೇ ತಿಳಿದೆ. ಮಳೆಯ ನೀರು ಸೀಟಿನ ಬುಡದ ಸಂದಿಯಿಂದ ಒಳಗೆ ಇಳಿಯುತ್ತದೆ. ಎರಡು ಕಬ್ಬಿಣದ ಪೈಪುಗಳ ನಡುವೆ ತುಕ್ಕು ಹಿಡಿಯುತ್ತದೆ. ತುಕ್ಕು ಎಂದರೆ ಕಬ್ಬಿಣ ಸವೆದು ಕಡಿಮೆಯಾಗುವುದು ಎಂದು ನಾವು ತಿಳಿದಿರುತ್ತೇವೆ. ಆದರೆ ಸವೆದ ಕಬ್ಬಿಣಕ್ಕಿಂತ ಅದರಿಂದಾದ ತುಕ್ಕು ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಕೂದಲೆಳೆಯಷ್ಟು ಸಂದಿಯಲ್ಲಿ ಅದು ಉಬ್ಬಿ, ಒಳಗಿನ ಪೈಪನ್ನು ಸುತ್ತಲೂ ಅದುಮಿ ಹಿಡಿಯುತ್ತದೆ. ಮೇಲಿನಿಂದ ಸುತ್ತಿಗೆಯ ಪೆಟ್ಟು ಹಾಕಿದರೆ ಅದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಅಂಗಡಿಯ ಹುಡುಗ ಮಾಡಿದ್ದು ಅದನ್ನೇ.

ಮೇಲಿನಿಂದ ಎಣ್ಣೆ ಬಿಟ್ಟರೆ ಕಾಲು ಇಂಚು ಇಳಿದೀತು, ಕೆಳಗಿನ ತುದಿಗೆ ಮುಟ್ಟುವುದಿಲ್ಲ. ಹಾಗಾಗಿ ಅವರು ಕೆಳಗಿನಿಂದ ಹೊರಟರು. ಪೆಡಲಿನ ಅಚ್ಚು ಕೂರುವ ಡಬ್ಬಿ ಇದೆಯಲ್ಲ, ಸೀಟಿನ ಕೆಳಗಿನ ನೆಟ್ಟಗಿನ ಪೈಪು ಬಂದು ಸೇರುವುದು ಅದಕ್ಕೇ. ಅಚ್ಚು ತೆಗೆದರೆ ಒಳಗಿನಿಂದ ದಾರಿ ಸಿಗುತ್ತದೆ. ಆದರೆ ಅಚ್ಚು ತೆಗೆಯಲು ಮೊದಲು ಪೆಡಲಿನ ಕೈಗಳನ್ನು ಹಿಡಿದಿರುವ ಕಾಟರ್ ಪಿನ್ನುಗಳು ಬರಬೇಕು. ಅವೂ ಸಿಕ್ಕಿಕೊಂಡಿದ್ದವು! ಮೇಸ್ತ್ರಿ ನಟ್ಟನ್ನು ಪೂರ್ತಿ ಬಿಚ್ಚಲಿಲ್ಲ. ಪಿನ್ನಿನ ತುದಿಗೆ ಸಮನಾಗಿ ನಿಲ್ಲಿಸಿ, ಪೆಡಲಿನ ಕೈಯ ಅಡಿಗೆ ಒಂದು ದಪ್ಪ ಕಬ್ಬಿಣದ ಪೈಪನ್ನು ನೆಲಕ್ಕೆ ಊರಿ ಆಧಾರ ಕೊಟ್ಟು, ಒಂದೇ ಒಂದು ನೇರವಾದ ಪೆಟ್ಟು ಹಾಕಿದರು. ಹತ್ತು ಚಿಕ್ಕ ಪೆಟ್ಟಿಗೆ ಪಿನ್ನು ಬಾಗುತ್ತದೆ, ಒಂದು ಗಟ್ಟಿ ಪೆಟ್ಟಿಗೆ ಹೊರಗೆ ಬರುತ್ತದೆ ಎಂದರು. ಎಡಗಡೆಯ ಕಪ್ಪು ಬಿಚ್ಚಿ ಅಚ್ಚು ಎಳೆದಾಗ ಗ್ರೀಸು ಮಣ್ಣಿನಂತೆ ಉದುರಿತು, ಅದರೊಂದಿಗೆ ಬೇರಿಂಗಿನ ಗೋಲಿಗಳೂ. ಹುಡುಗಿ ದುಪಟ್ಟಾದ ಸೆರಗು ಒಡ್ಡಿ ಹಿಡಿದಳು. ಆ ಕಲೆ ಇನ್ನೂ ಹೋಗಿಲ್ಲ.

ಆಮೇಲೆ ಫ್ರೇಮನ್ನು ತಲೆಕೆಳಗು ಮಾಡಿದರು. ಸೀಟು ಕಳಚಿದ ಪೈಪಿನ ಬಾಯಿಗೆ ಬಟ್ಟೆಯ ಬಿರಡೆ ತುರುಕಿ, ಡಬ್ಬಿಯ ಕಡೆಯಿಂದ ಡೀಸೆಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಒಂದು ಚಹಾ ಲೋಟದಷ್ಟು ಸುರಿದರು. ಹಿಂದೆ ಇದಕ್ಕೆ ರೇಷನ್ನಿನ ಸೀಮೆಎಣ್ಣೆಯೇ ಮದ್ದಾಗಿತ್ತಂತೆ. "ಈಗ ಸೀಮೆಎಣ್ಣಿ ಎಲ್ಲೈತಿ?" ಎಂದು ನಕ್ಕರು. "ಲಿಂಗಸೂರಿನ್ಯಾಗ ವೈಸ್ ಇದ್ದವರ ಹತ್ರ ಹೋಗ್ರಿ, ನಾಳೆ. ಇವತ್ತು ಮುಟ್ಟಬ್ಯಾಡ್ರಿ."

ಅಣ್ಣ ಅಕ್ಕಿಯ ಚೀಲಕ್ಕೆ ಡೀಸೆಲ್ ತಾಗೀತೆಂದು ಗೊಣಗುತ್ತಾ ಫ್ರೇಮನ್ನು ತಲೆಕೆಳಗಾಗಿಯೇ ಗಾಡಿಯ ಹಿಂಬದಿಗೆ ತಾಡಪಾಲಿನಲ್ಲಿ ಸುತ್ತಿ ಕಟ್ಟಿದ. ಅವನು ಊಟಕ್ಕೆ ಹೋದ ಹೊತ್ತಿನಲ್ಲಿ ನಾವು ಅಶೋಕನ ಶಾಸನ ನೋಡಲು ಹೋದೆವು.

ಮಸ್ಕಿಗೆ ಹೋದವರು ಅದನ್ನು ನೋಡದೆ ಬರಬಾರದು. ಗುಡ್ಡವನ್ನು ಸ್ವಲ್ಪ ಹತ್ತಿದರೆ ಸಾಕು, ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಇದನ್ನು ಕಂಡುಹಿಡಿದರು. ಅವರು ಹುಡುಕಿಕೊಂಡು ಬಂದಿದ್ದು ಚಿನ್ನವನ್ನು. ಅದಕ್ಕೂ ಮೊದಲು, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದುವುದನ್ನು ಕಂಡುಕೊಂಡಿದ್ದರು. ದೇಶದ ಉದ್ದಗಲಕ್ಕೂ ಸಿಕ್ಕ ಶಾಸನಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ರಾಜನ ಬಿರುದು ಇತ್ತೇ ಹೊರತು ಅಶೋಕ ಎಂಬ ಹೆಸರು ಇರಲಿಲ್ಲ. ಇವನೇ ಅಶೋಕನಿರಬೇಕು ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಆ ಹೆಸರು ಕಲ್ಲಿನಲ್ಲಿ ಮೊದಲು ಸಿಕ್ಕಿದ್ದು ಈ ಮಸ್ಕಿಯಲ್ಲಿ. ಮುಂದೆ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಂಗಳಲ್ಲೂ ಮಧ್ಯಪ್ರದೇಶದ ಗುಜರ್‍ರಾದಲ್ಲೂ ಸಿಕ್ಕಿತು. ಈ ಧರ್ಮದ ದಾರಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಚಿಕ್ಕವರೂ ಪ್ರಯತ್ನಪಟ್ಟರೆ ಮುಟ್ಟಬಹುದು ಎಂಬ ಅರ್ಥದ ಮಾತು ಅದರಲ್ಲಿದೆ. ಹುಡುಗಿ ಶಾಲೆಯ ಪಾಠದಲ್ಲಿ ಮಸ್ಕಿಯ ಹೆಸರು ಬಂದಿದೆ ಎಂದು ಕಂಬಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ಅಮ್ಮಿ ಮಾತ್ರ ನೆರಳಿನಲ್ಲಿ ಕೂತು, "ನಿಮ್ಮ ಅಬ್ಬಾ ಸಂತೆ ಮುಗಿದ ಮೇಲೆ ಈ ಗುಡ್ಡದ ಬುಡದಲ್ಲೇ ರೊಟ್ಟಿ ಬಿಚ್ಚುತ್ತಿದ್ದರಂತೆ. ಶಾಸನದ ಸುದ್ದಿ ಒಮ್ಮೆಯೂ ಹೇಳಲಿಲ್ಲ" ಎಂದರು. ಮೊದಲು ಲಿಂಗಸುಗೂರು ತಾಲೂಕಿನಲ್ಲಿದ್ದ ಮಸ್ಕಿ ಈಗ ತಾನೇ ಒಂದು ತಾಲೂಕು. ಊರು ಬೆಳೆದಿದೆ.

ಲಿಂಗಸುಗೂರು ಬಿಸಿಲಿನ ಊರು. ನಿಜಾಮರ ಕಾಲದಲ್ಲಿ ಇಲ್ಲಿ ದಂಡಿನ ಠಾಣ್ಯ ಇತ್ತು. 1905ರವರೆಗೆ ಇದೇ ಒಂದು ಜಿಲ್ಲಾ ಕೇಂದ್ರವೂ ಆಗಿತ್ತು ಎಂದರೆ ಹೊರಗಿನವರು ನಂಬುವುದಿಲ್ಲ. ಇದೇ ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಚಿನ್ನದ ಗಣಿ ಎಂದರೆ ಮೊದಲು ಬರುವ ಹೆಸರು ಹಟ್ಟಿಯದೇ. ಗಣಿ ಇರುವಲ್ಲಿ ಫಿಟ್ಟರುಗಳು, ಟರ್ನರುಗಳು ಇರುತ್ತಾರೆ. ಖಾಲಾನ ಓಣಿಯಲ್ಲೇ ಅಂಥ ಒಬ್ಬರು, ಕೆಲಸದಿಂದ ನಿವೃತ್ತರಾದವರು, ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಪಂಪು ರಿಪೇರಿ ಮಾಡುತ್ತಾರೆ. ಓಣಿಗೆಲ್ಲ ಅವರು ಕಾಕಾ.

ಮರುದಿನ ಬೆಳಿಗ್ಗೆ ಕಾಕಾ ಫ್ರೇಮನ್ನು ತಲೆಕೆಳಗಾಗಿ ಎತ್ತಿ, ಸೀಟಿನ ಪೈಪಿನ ತುದಿಯನ್ನು ಮೇಜಿಗೆ ಬಿಗಿದ ದೊಡ್ಡ ವೈಸಿನ ದವಡೆಗೆ ಕೊಟ್ಟು ಬಿಗಿದರು. ಪೈಪಿಗೆ ಗಾಯವಾಗದಂತೆ ನಡುವೆ ಅಲ್ಯೂಮಿನಿಯಂ ತಗಡು. ಈಗ ಪೈಪು ಅಲುಗುವಂತಿಲ್ಲ, ತಿರುಗಬೇಕಾದ್ದು ಇಡೀ ಫ್ರೇಮು. ಫ್ರೇಮೇ ಉದ್ದದ ಸನಿಕೆಯಂತೆ ಕೆಲಸ ಮಾಡುತ್ತದೆ. ಎಳೆಯುವುದಲ್ಲ, ತಿರುಗಿಸುವುದು ಎಂದರು. ಅಣ್ಣನೂ ಕಾಕಾನೂ ಎರಡು ಕಡೆ ಹಿಡಿದು ತಿರುಗಿಸಿದರು. ಮೇಜೇ ಎದ್ದು ಬಂತು. ಪೈಪು ಕದಲಲಿಲ್ಲ.

"ಗ್ಯಾಸಿನಿಂದ ಕಾಯಿಸಿದರೆ?" ಎಂದು ಅಣ್ಣ ಕೇಳಿದ. ಕಾಕಾ ತಲೆಯಾಡಿಸಿದರು. "ಒಳಗ ಡೀಸೆಲ್ ಅದ. ಬೆಂಕಿ ಹತ್ತಿದ್ರ ಮಾರಿಗೇ ಬರ್ತದ. ಬಣ್ಣನೂ ಸುಟ್ಟು ಹೋಗ್ತದ, ಹಿತ್ತಾಳಿ ಬೆಸುಗಿನೂ ಬಿಡಬಹುದು." ಹಳೆಯ ಫ್ರೇಮಿನ ಪೈಪುಗಳು ಕೂಡುವಲ್ಲಿ ಹಿತ್ತಾಳೆಯ ಬೆಸುಗೆ ಇರುತ್ತದೆ, ಹೆಚ್ಚು ಕಾಯಿಸಿದರೆ ಅದು ಕರಗುತ್ತದೆ.

ಆಗ ಅಮ್ಮಿ ಬಾಗಿಲಲ್ಲಿ ನಿಂತಿದ್ದವರು ಒಂದು ಮಾತು ಕೇಳಿದರು. "ಎರಡು ಸ್ಟೀಲ್ ಲೋಟ ಒಂದರಾಗ ಒಂದು ಸಿಕ್ಕೊಂಡ್ರ ನಾವು ಹೊರಗ ಬಿಸಿನೀರು, ಒಳಗ ತಣ್ಣೀರು ಹಾಕ್ತೀವಲ್ರೀ. ಇದಕ್ಕ ಆಗಂಗಿಲ್ಲೇನು?"

ನೀವೂ ಮಾಡಿರುತ್ತೀರಿ. ಬಿಸಿಗೆ ಹೊರಗಿನ ಲೋಟ ಹಿಗ್ಗುತ್ತದೆ, ತಂಪಿಗೆ ಒಳಗಿನದು ಕುಗ್ಗುತ್ತದೆ, ಬೆರಳಿನಲ್ಲಿ ಎತ್ತಿದರೆ ಬಂದುಬಿಡುತ್ತದೆ. ಕಾಕಾ ಒಂದು ಗಳಿಗೆ ಸುಮ್ಮನಿದ್ದು, "ನಲವತ್ತು ವರ್ಷ ಗಣ್ಯಾಗ ಇದನ್ನ ಮಾಡೀನಿ. ಸೈಕಲ್ಲಿಗೆ ಮಾತ್ರ ನೆನಪಾಗಲಿಲ್ಲ ನೋಡ್ರಿ" ಎಂದರು.

ಖಾಲಾನ ಅಡುಗೆ ಮನೆಯಲ್ಲಿ ಎರಡು ಪಾತ್ರೆ ನೀರು ಕುದಿಯಿತು. ಫ್ರಿಜ್ಜಿನ ಐಸು ಬಟ್ಟೆಯಲ್ಲಿ ಕಟ್ಟಿ ವೈಸಿನ ಮೇಲಿನ ಪೈಪಿಗೆ ಸುತ್ತಿದೆವು. ಫ್ರೇಮಿನ ಪೈಪಿಗೆ ಹಳೆಯ ಟವೆಲು ಸುತ್ತಿ ಅದರ ಮೇಲೆ ಕುದಿಯುವ ನೀರು ಸ್ವಲ್ಪ ಸ್ವಲ್ಪವಾಗಿ ಸುರಿದೆವು. ಕಬ್ಬಿಣ ಹಿಗ್ಗುವುದು ಕಣ್ಣಿಗೆ ಕಾಣುವಷ್ಟಲ್ಲ. ಆದರೆ ತುಕ್ಕಿನ ಪದರ ಒಡೆಯಲು, ಎಣ್ಣೆ ಬಿರುಕಿನೊಳಗೆ ನುಸುಳಲು ಅಷ್ಟು ಸಾಕು. ಮೊದಲ ಸಲ ಏನೂ ಆಗಲಿಲ್ಲ. ಕಾಕಾ ಆರಲು ಬಿಟ್ಟು, ಮತ್ತೆ ಎಣ್ಣೆ ಬಿಟ್ಟರು. ಎರಡನೇ ಸಲವೂ ಇಲ್ಲ.

ಮೂರನೇ ಸಲಕ್ಕೆ ಕೈ ಹಾಕುವ ಮೊದಲು ಅಮ್ಮಿ, "ಒಂದು ನಿಮಿಷ" ಎಂದರು. ಪೈಪು ಫ್ರೇಮಿನಿಂದ ಹೊರಬರುವ ಜಾಗವನ್ನು ಬೆರಳಿನಿಂದ ಮುಟ್ಟಿ, "ಇಲ್ಲಿ ಒಂದು ಗುರುತು ಮಾಡ್ರಿ" ಎಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಅಬ್ಬಾ ಕೊನೆಯ ಸಲ ಸೀಟು ಇಟ್ಟ ಎತ್ತರ ಅದು. ಅರದಿಂದ ಕಾಕಾ ಒಂದು ಸಣ್ಣ ಗೆರೆ ಎಳೆದರು.

ಆಮೇಲೆ ತಿರುಗಿಸಿದಾಗ "ಕಿರ್" ಎಂದು ಒಂದು ಸದ್ದು ಬಂತು. ಪೈಪೇ ಮುರಿಯಿತೆಂದು ನಾನು ಕಣ್ಣು ಮುಚ್ಚಿದೆ. ಮುರಿದಿರಲಿಲ್ಲ, ಫ್ರೇಮು ಒಂದು ಬೆರಳಿನಷ್ಟು ತಿರುಗಿತ್ತು. ಕಾಕಾ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾ ಹೋದರು, ಒಂದೇ ಕಡೆಗೆ ಅಲ್ಲ. ಕಂದು ಬಣ್ಣದ ಎಣ್ಣೆ ವೈಸಿನ ಮೇಲೆ ಇಳಿಯಿತು. ಕಾಲು ಗಂಟೆಯ ನಂತರ ಫ್ರೇಮು ಅಣ್ಣನ ಕೈಯಲ್ಲಿ, ಪೈಪು ವೈಸಿನಲ್ಲಿ. ಹುಡುಗಿ ಚಪ್ಪಾಳೆ ತಟ್ಟಿದಳು. ಅಮ್ಮಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು, ಎಲ್ಲರಿಗೂ ಚಹಾ ತಂದರು.

ಕಾಕಾ ನೂರೈವತ್ತು ರೂಪಾಯಿ ಕೇಳಿ ತೆಗೆದುಕೊಂಡರು. ಕೆಲಸಕ್ಕೆ ಕೂಲಿ ಕೇಳುವವರನ್ನು ಕಂಡರೆ ನನಗೆ ಗೌರವ. ಪೈಪಿನ ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ, ಗ್ರೀಸು ಹಚ್ಚಿ, "ವರ್ಷಕ್ಕೊಮ್ಮೆ ಹೊರಗ ತೆಗೆದು ಹಚ್ರಿ. ನಿಮ್ಮ ಕಡೆ ನೀರು ಜಾಸ್ತಿ, ಕಬ್ಬಿಣ ತಡಿಯಂಗಿಲ್ಲ" ಎಂದರು. ನೀರಿನ ಸೀಮೆಯ ಜನರಿಗೆ ಹಳೆಯ ಕಬ್ಬಿಣದ ಭಯ ಹೊಸತಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ಬೇರೆ ತಡೆ ಕೂರಿಸಿ ನೀರು ನಿಲ್ಲಿಸುವವರೆಗೆ ಸಿಂಧನೂರಿನ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಊರಿಗೆ ಮರಳಿ ಹೊಸ ಕಾಟರ್ ಪಿನ್ನು, ಹೊಸ ಗೋಲಿ ಹಾಕಿಸಿದೆವು. ಮಂಕಾಗಿದ್ದ ಹ್ಯಾಂಡಲಿಗೆ ಅಮ್ಮಿ ತಾಮ್ರದ ಹಂಡೆಗೆ ಹಚ್ಚುವ ಹಾಗೆ ಹುಣಸೆ ಹುಳಿ ಹಚ್ಚಿ ತಿಕ್ಕಿದರು. ಪೂರ್ತಿ ಅಲ್ಲದಿದ್ದರೂ ಬೆಳ್ಳಗಾಯಿತು. ಹಳೆಯ ಬಣ್ಣವನ್ನು ಮುಟ್ಟಲು ಬಿಡಲಿಲ್ಲ. ಸೀಟು ನಾಲ್ಕು ಬೆರಳು ಇಳಿಯಿತು, ಗೆರೆ ಫ್ರೇಮಿನೊಳಗೆ ಮರೆಯಾಯಿತು. ಮೊದಲ ದಿನ ಕಾಲುವೆಯ ಏರಿಯ ಮೇಲೆ ಹುಡುಗಿ ಹೊರಟಾಗ ಅಮ್ಮಿ ಕಣ್ಣಿಗೆ ಕೈ ಅಡ್ಡ ಹಿಡಿದು, ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದರು.

ಮೊನ್ನೆ, ರಮಝಾನಿಗೆ ಮುಂಚೆ ಮನೆ ತೊಳೆಯುವ ದಿನ ಹುಡುಗಿ ಫೋನ್ ಮಾಡಿದ್ದಳು. ದಾದಿಮಾ ನೆನಪಿಟ್ಟು ಪೈಪು ತೆಗೆಸಿ ಗ್ರೀಸು ಹಚ್ಚಿಸಿದರಂತೆ. ಮತ್ತೆ ಕೂರಿಸುವಾಗ ಇವಳನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ, ಸೀಟನ್ನು ಒಂದು ಬೆರಳು ಮೇಲೆ ಮಾಡಿಸಿದ್ದಾರೆ.